ಹೂಳಿನ ಗುಂಡಿಗೆ ಆರು ಆಳು

೨೦೦೨ ಜೂನ್ ೯, ಭಾನುವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ನನ್ನ ದಿನಚರಿಯಲ್ಲಿ ಗುಡ್ಡದ ಕೆಲಸ ಶುರುವಾಗುವುದು ಈ ಸಾಲಿನಿಂದ. ಹಿಂದಿನ ಸಂಜೆ ಕ್ವಾರಿಯ ಕೊನೆಯ ಲಾರಿ ಇಳಿದು ಹೋಗಿತ್ತು. ಮಳೆಗಾಲಕ್ಕೆ ಕ್ವಾರಿ ಬಂದ್. ಕಲ್ಲು ಕಡಿಯುವವರೆಲ್ಲ ತಂತಮ್ಮ ಊರಿಗೆ ಹೋದರು. ಮಾವಳ್ಳಿಯ ಮೇಲಿನ ಆ ಬೋಳುಗುಡ್ಡದಲ್ಲಿ, ತಗಡಿನ ಶೆಡ್ಡಿನೊಳಗೆ, ಉಳಿದವನು ಹೊಂಡ ಮುಚ್ಚಿಸುವ ಕೆಲಸಕ್ಕೆ ಕುಮಟೆಯಿಂದ ಬಂದಿದ್ದ ನಾನೊಬ್ಬ.

ಮನೆ ಕಟ್ಟುವ ಕೆಂಪು ಚಿರೇಕಲ್ಲು ತೆಗೆದು ಮುಗಿದ ಹೊಂಡಗಳಿಗೆ ಮಣ್ಣು ತುಂಬಿ ಗಿಡ ನೆಡಿಸಬೇಕಿತ್ತು. ಅರ್ಧ ತುಂಬುವಷ್ಟರಲ್ಲಿ ಮಳೆ ಹಿಡಿಯಿತು. ಸಡಿಲ ಮಣ್ಣಿನ ದಿಬ್ಬ ಹಾಗೆಯೇ ನಿಂತಿತು. ಅದರ ಬುಡದಲ್ಲಿ ಇಳಿಜಾರಿಗೆ ಅಡ್ಡವಾಗಿ ಒಂದು ಕಾಲುವೆ, ಕಾಲುವೆಯ ತುದಿಗೆ ಐದು ಅಡಿ ಆಳದ ಗುಂಡಿ. ಕೆಂಪು ನೀರು ಅಲ್ಲಿ ನಿಂತು, ಮಣ್ಣು ತಳಕ್ಕೆ ಕೂತು, ತಿಳಿನೀರು ಮಾತ್ರ ಆಚೆ ಹರಿಯಬೇಕು. ಗುಂಡಿಯ ನೇರ ಕೆಳಗೆ ಒಬ್ಬ ಹೆಂಗಸಿನ ಗದ್ದೆ. ಐವತ್ತರ ಆಸುಪಾಸು, ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ತಾನೇ ಬೇಸಾಯ ಮಾಡುತ್ತಿದ್ದಳು. ಆ ಗದ್ದೆಗೆ ಮಣ್ಣು ಇಳಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಬಿದಿರಿನ ಗಳುವಿನ ತುದಿಗೆ ಹಲಗೆಯ ಚೂರು ಬಡಿದಿದ್ದೆ. ಗುಂಡಿಗೆ ಇಳಿಸಿದರೆ ಅದು ಹೂಳಿನ ಮೇಲೆ ಕೂರುತ್ತಿತ್ತು. ಬೆಳಿಗ್ಗೆ ಏಳಕ್ಕೆ, ಸಂಜೆ ಐದಕ್ಕೆ ಅಳತೆ. ಆಚೆ ಹೋಗುವ ನೀರನ್ನು ಸೋಡಾ ಬಾಟಲಿಯಲ್ಲಿ ಹಿಡಿದು, ಒಂದು ಗಂಟೆ ಬಿಟ್ಟು, ತಳದಲ್ಲಿ ಎಷ್ಟು ಮಣ್ಣು ಕೂತಿತೆಂದು ಬರೆಯುತ್ತಿದ್ದೆ. ಜೂನ್ ಮುಗಿದಾಗ ಹೂಳು ಮೂವತ್ತಾರು ಇಂಚು. ಇಪ್ಪತ್ತೆರಡು ದಿನಗಳಲ್ಲಿ ಯಾರೊಂದಿಗಾದರೂ ಮಾತಾಡಿದ ದಿನ ಒಂಬತ್ತು. ಅದರಲ್ಲಿ ಐದು ದಿನ ಅಂಗಡಿಯವನ ಜೊತೆ, ಅಕ್ಕಿ ಮತ್ತು ಸೀಮೆಎಣ್ಣೆಯ ಮಾತು.

ಹೂಳು ತೆಗೆಸಬೇಕಿತ್ತು. ಮನೆಮನೆಗೆ ಹೋಗಿ ಕೇಳಿದೆ. ನಾಟಿಯ ಕಾಲದಲ್ಲಿ ಕೂಲಿಗೆ ಯಾರು ಬರುತ್ತಾರೆ? ಕೊನೆಗೆ ಗದ್ದೆಯ ಹೆಂಗಸೇ ದಾರಿ ಹೇಳಿದಳು. ಅವಳದೂ ಸೇರಿ ಆರು ಮನೆಯವರು ಮುಯ್ಯಾಳು ಮಾಡಿಕೊಂಡಿದ್ದರು: ಇವರ ಗದ್ದೆಗೆ ಅವರೊಂದು ದಿನ, ಅವರ ಗದ್ದೆಗೆ ಇವರೊಂದು ದಿನ. ನಾನು ಒಂದೊಂದು ಮನೆಗೂ ಒಂದೊಂದು ದಿನ ದುಡಿದರೆ ಏಳನೆಯ ದಿನ ಆರು ಆಳು ಗುಡ್ಡ ಹತ್ತುತ್ತಾರೆ. "ದಿನಾ ಬರ್ದು ಬರ್ದು ಮಣ್ಣು ಕಡ್ಮೆ ಆತಾ ತಮ್ಮಾ? ಕೆಳಗೆ ಬಾ" ಅಂದಳು.

ಜುಲೈ ೪ರಿಂದ ಇಳಿದೆ. ಮೊದಲ ದಿನ ಅವಳದೇ ಗದ್ದೆ, ಗುಂಡಿಯ ಕೆಳಗಿನದು. ನಾನು ಹಗ್ಗ ಹಿಡಿದಂತೆ ಸಾಲು ನೋಡಿ ನೋಡಿ ನೆಡುತ್ತಿದ್ದರೆ ಪಕ್ಕದ ಮುದುಕಿ, ಗದ್ದೆ ಸರ್ವೆಗೆ ಬಂದದ್ದಾ ನೀನು ಎಂದು ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಧ್ಯಾಹ್ನ ಅವರೊಂದಿಗೇ ಕೂತು ಅನ್ನ, ಮೀನುಸಾರು ಉಂಡೆ. ಸಂಜೆ ಶೆಡ್ಡಿಗೆ ಮರಳಿದರೆ ತಗಡಿನ ಮೇಲಿನ ಮಳೆಯ ಸದ್ದು ಮೊದಲಿಗಿಂತ ದೊಡ್ಡದಾಗಿ ಕೇಳುತ್ತಿತ್ತು.

ಜುಲೈ ೯ರ ಬೆಳಿಗ್ಗೆ ಹೂಳು ಐವತ್ತು ಇಂಚು. ಇನ್ನೂ ಹತ್ತು ಇಂಚು ಜಾಗ. ದಿನಕ್ಕೆ ಸರಾಸರಿ ಒಂದೂವರೆ ಇಂಚು ಏರುತ್ತಿತ್ತು. ಆರು ದಿನಕ್ಕೆ ಸಾಕು ಎಂದು ಬರೆದು ಆರನೆಯ ಮನೆಯ ಗದ್ದೆಗೆ ಹೋದೆ. ಅದು ಎಲ್ಲಕ್ಕಿಂತ ದೂರದ್ದು. ಹನ್ನೆರಡರ ಹೊತ್ತಿಗೆ ಮಳೆ ಹೊಡೆಯತೊಡಗಿತು, ಪಕ್ಕದವರ ಮುಖ ಕಾಣದಷ್ಟು. ಗುಡ್ಡದ ಕಡೆ ನಾಲ್ಕು ಸಲ ನೋಡಿದೆ. ಎದ್ದು ಹೋಗಬಹುದಿತ್ತು. ಅರ್ಧಕ್ಕೆ ಎದ್ದರೆ ದಿನ ಲೆಕ್ಕಕ್ಕೆ ಸೇರುವುದಿಲ್ಲ, ಆರಕ್ಕೆ ಐದೇ ಆಳು ಬರುತ್ತಾರೆ ಎಂದುಕೊಂಡೆ. ಐದು ಗಂಟೆಯವರೆಗೂ ನೆಟ್ಟೆ.

ಹತ್ತಿ ಬರುವಷ್ಟರಲ್ಲಿ ಗುಂಡಿಯ ಕೆಳ ಅಂಚು ಕೊಚ್ಚಿಹೋಗಿತ್ತು. ಹೂಳು ಪೂರಾ ತುಂಬಿ, ನೀರು ನಿಲ್ಲಲು ಜಾಗವಿಲ್ಲದೆ, ದಿಬ್ಬದ ಮಣ್ಣು ನೇರ ಗದ್ದೆಗೆ ಇಳಿದಿತ್ತು. ಐದು ದಿನದ ಹಿಂದೆ ನಾನೇ ನೆಟ್ಟ ಸಸಿಗಳ ತುದಿಯೂ ಕಾಣಿಸಲಿಲ್ಲ. ಹೆಂಗಸು ಹಾಳೆಯ ಮೇಲೆ, ಅಂದರೆ ಗದ್ದೆಯ ಬದುವಿನ ಮೇಲೆ, ಕೊಪ್ಪೆ ಹೊದ್ದು ನಿಂತಿದ್ದಳು. ಇಳಿದು ಅವಳ ಬಳಿ ಹೋಗಿ, ಬೈಯುತ್ತಾಳೆಂದು ಕಾದೆ.

"ಮಳೆ ಬಂದಾಗ ಎದ್ದು ಬಂದಿದ್ರೆ ಯಾರು ಬೇಡ ಅಂತಿದ್ರು ತಮ್ಮಾ?"

"ಅರ್ಧ ದಿನ ಲೆಕ್ಕಕ್ಕೆ ಬರೂದಿಲ್ಲ ಅಂದ್ಕಂಡೆ ಅಕ್ಕಾ."

"ಆ ಲೆಕ್ಕ ನೀ ಬರ್ಕಂಡದ್ದು. ನಾವು ಹೇಳಿದ್ದಲ್ಲ."

ಮರುದಿನ ಏಳಕ್ಕೆ ಆರು ಆಳು ಬಂದರು. ಅವಳೂ ಬಂದಿದ್ದಳು. ಅಂಚು ಕಟ್ಟಿ, ಹೂಳು ತೆಗೆದು, ಸಂಜೆ ನಾಲ್ಕಕ್ಕೆ ಇಳಿದರು. ಬುಟ್ಟಿ ಮುನ್ನೂರ ನಲವತ್ತು ಎಂದು ಬರೆದಿದ್ದೇನೆ. ಅವಳು ಆ ದಿನ ನನ್ನೊಂದಿಗೆ ಮಾತಾಡಲಿಲ್ಲ, ಆಮೇಲೂ ಆಡಲಿಲ್ಲ. ಮತ್ತೆ ನೆಡಲು ಅವಳ ಬಳಿ ಸಸಿ ಉಳಿದಿರಲಿಲ್ಲ. ಗುಂಡಿ ಆ ಮಳೆಗಾಲ ಪೂರ್ತಿ ತಡೆಯಿತು. ಸೆಪ್ಟೆಂಬರಿನಲ್ಲಿ ದಿಬ್ಬದ ಮೇಲೆ ಹುಲ್ಲು ಹಿಡಿದ ಮೇಲೆ ನಾನು ಕುಮಟೆಗೆ ಮರಳಿದೆ. ಕೆಳಗಿನ ಗದ್ದೆ ಆಗಲೂ ಕೆಂಪಗೆ ಬರಿದಾಗಿತ್ತು.

ಕ್ವಾರಿಯ ಮಣ್ಣು ಕೂತ ಗದ್ದೆ ಗಟ್ಟಿಯಾಗಿಬಿಡುತ್ತದೆ ಎನ್ನುವವರಿದ್ದಾರೆ. ಸೊಪ್ಪು ಗೊಬ್ಬರ ಹಾಕಿದರೆ ಕೆಲವು ವರ್ಷಕ್ಕೆ ತಿರುಗಿ ಬರುತ್ತದೆ ಎನ್ನುವವರೂ ಇದ್ದಾರೆ. ಅಲ್ಲಿಗೆ ಹೋಗಿ ನೋಡುವ ಧೈರ್ಯ ನನಗೆ ಬಂದಿಲ್ಲ. ಆ ಗುಡ್ಡದ ಬುಡದಲ್ಲಿ ಮತ್ತೆ ನಾಟಿಯಾಯಿತೇ, ಆಗಿದ್ದರೆ ಯಾವ ವರ್ಷ ಎಂದು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಪ್ರಕಾಶಕರ ವಿಳಾಸಕ್ಕೆ ನನಗೊಂದು ಕಾಗದ ಬರೆಯಿರಿ. ಆಗಲಿಲ್ಲ ಎಂದಾದರೂ ಬರೆಯಿರಿ.