ಎಲ್ಲಿಗೂ ಹೋಗದವರ ದಾರಿಗೆ ಒಂದು ಬಸ್ಸು

1945ರಲ್ಲಿ ನಾನು ರಾಯಚೂರಿನಲ್ಲಿ ಬಸ್ಸಿನ ಟಿಕೆಟ್ ಏಜೆಂಟನಾಗಿದ್ದೆ. ಅದಕ್ಕೂ ಮೊದಲು ಗಂಜ್ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು, ದಲಾಲಿ ಮಾಡಿದವನು. ಓದಿದ್ದು ಕಡಿಮೆ, ಚೌಕಾಸಿ ಮಾಡಿದ್ದು ಹೆಚ್ಚು. ಆ ವರ್ಷ ಹೆಚ್ಚುವರಿಯಾಗಿ ಬಂದದ್ದು ಒಂದೇ ಬಸ್ಸು. ಮಾನ್ವಿಗೆ ಬಿಡುವುದೋ, ದೇವದುರ್ಗಕ್ಕೋ? ಮುಂದೆ ಯಾವ ದಾರಿಯಲ್ಲಿ ಎಷ್ಟು ಜನ ಹತ್ತುತ್ತಾರೆಂದು ಮೊದಲೇ ಅಂದಾಜು ಕಟ್ಟುವುದಕ್ಕೆ ಈಗ ಡಿಮ್ಯಾಂಡ್ ಫೋರ್‌ಕಾಸ್ಟ್ ಎನ್ನುತ್ತಾರೆ. ಆಗ ಬಸ್ ಇಲಾಖೆಯ ಇಂಜಿನಿಯರ್ ಸಾಹೇಬರು, ಮನೆಮನೆಗೆ ಹೋಗಿ ಕೇಳಿ ಬನ್ನಿ ಎಂದರು: ಪೇಟೆಗೆ ಎಷ್ಟು ಸಲ ಹೋಗುತ್ತೀರಿ, ಏನು ಒಯ್ಯುತ್ತೀರಿ?

ಮಾನ್ವಿಯ ವ್ಯಾಪಾರಸ್ಥರು ಕೇಳುವ ಮೊದಲೇ ಉತ್ತರ ಕೊಟ್ಟರಂತೆ. ದೇವದುರ್ಗದ ಕಡೆ ಹೋದವನು ನಾನು. ಅದು ಲೆವಿಯ ಕಾಲ. ಬೆಳೆದವರು ಸರ್ಕಾರ ಹೇಳಿದ ಬೆಲೆಗೆ ಅದಕ್ಕೇ ಕಾಳು ಅಳೆದುಕೊಡಬೇಕಿತ್ತು. ಪೇಟೆಗೆ ಏನು ಒಯ್ಯುತ್ತೀರಿ ಎಂದು ಕೇಳುವುದೂ ಒಂದೇ, ನೀವು ಜೋಳ ಬಚ್ಚಿಟ್ಟ ಹಗೇವು ಎಲ್ಲಿದೆ ಎಂದು ಕೇಳುವುದೂ ಒಂದೇ. ಮನೆಮನೆಯಲ್ಲೂ ಅದೇ ಮಾತು: "ನಾವು ಎಲ್ಲಿಗೂ ಹೋಗಂಗಿಲ್ರೀ."

ಗೂಗಲ್ ಎಂಬ ಹಳ್ಳಿಯಲ್ಲಿ ದುರ್ಗವ್ವನೂ ಅದನ್ನೇ ಹೇಳಿದಳು. ಪಕ್ಕದಲ್ಲಿ ತುಂಬು ಬಸುರಿ ಮಗಳು ಕೂತಿದ್ದಳು. ಅವಳ ಚೊಚ್ಚಲ ಕೂಸು ಅಡ್ಡ ತಿರುಗಿ, ರಾಯಚೂರಿನ ದವಾಖಾನೆ ಮುಟ್ಟುವ ಮೊದಲೇ ಬಂಡಿಯಲ್ಲೇ ತೀರಿಹೋಗಿತ್ತು. ಈ ಸಲ ಬೇಗ ಕರೆತನ್ನಿ ಎಂದು ಡಾಕ್ಟರು ಹೇಳಿದ್ದರು.

"ಯವ್ವಾ, ಮಗಳ ಸಲುವಾಗಿಯಾದ್ರೂ ಖರೇ ಹೇಳು. ನಿನಗ ಬಸ್ ಬೇಕು," ಎಂದೆ.

"ಬೇಕಪ್ಪ. ಬೇಕಂತ ಬರಕೊಂಡು ಹೋಗ್ತೀರಿ, ನಾಳಿ ಜೋಳಕ್ಕ ಬರ್ತೀರಿ. ಆಮ್ಯಾಗ ಬಸ್ಸಿನ್ಯಾಗ ಕುಂತು ಏನ್ ತಿನ್ಲಿ, ಟಿಕೀಟು?"

ಸಾಹೇಬರಿಗೆ ಹೇಳಿದೆ: "ಸಂತ್ಯಾಗ ಎತ್ತು ಬೇಕಾದಾವನ ಮೊದ್ಲ ಬ್ಯಾಡ ಅಂತಾನ್ರೀ. ಇಲ್ಲ ಅಂದೋರೊಳಗ ಅರ್ಧಾ ಮಂದೀನ ಹೌದು ಅಂತ ಹಿಡೀರಿ."

"ಜನರ ಮಾತಿಗೂ ಚೌಕಾಸಿ ಮಾಡ್ತೀಯಲ್ಲೋ," ಎಂದು ಅವರು ನಕ್ಕರು. ಅರ್ಧದಿಂದ ಕಾಲುಭಾಗಕ್ಕೆ ಇಳಿದೆ. ವಾರಕ್ಕೆ ಎರಡೇ ಸಲ ಬಿಡಿ ಎಂದೆ. ಎದುರಿಗಿರುವವನಿಗೆ ಏನೂ ಬೇಕಿಲ್ಲದಿದ್ದರೆ ಚೌಕಾಸಿ ನಡೆಯುವುದಿಲ್ಲ. ಬಸ್ಸು ಮಾನ್ವಿಗೆ ಹೋಯಿತು.

ದುರ್ಗವ್ವನ ಮಗಳಿಗೆ ನೋವು ಶುರುವಾದಾಗ ಮತ್ತೆ ಬಂಡಿಯನ್ನೇ ಹೂಡಿದರು. ಈ ಸಲ ತಾಯಿಯೂ ಕೂಸೂ ಇಬ್ಬರೂ ದಾರಿಯಲ್ಲೇ ಹೋದರು.

ನಾಳಿನ ಪ್ರಯಾಣಿಕರನ್ನು ಎಣಿಸುವವರಿಗೆ ನನ್ನದೊಂದು ಬುದ್ಧಿಮಾತು: ಬೇಕೋ ಬೇಡವೋ ಎಂದು ಕೇಳುವ ಮೊದಲು, ಬೇಕು ಎಂದರೆ ಅವರು ಏನು ಕಳೆದುಕೊಳ್ಳುತ್ತಾರೆಂದು ತಿಳಿದುಕೊಳ್ಳಿ. ನಾನು ತಿಳಿದಿದ್ದೆ, ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ. ಮರುವರ್ಷ ಅದೇ ಪ್ರಶ್ನೆ ಹಿಡಿದು ನನ್ನನ್ನೇ ಮತ್ತೆ ಕಳಿಸಿದರು. ದುರ್ಗವ್ವ ಒಳಗೆ ಕರೆದು ನೀರು ಕೊಟ್ಟಳು.

"ಈ ಸಲ ಖರೇನ ಬರಕೋ ಯಪ್ಪಾ," ಎಂದಳು. "ನಾವು ಎಲ್ಲಿಗೂ ಹೋಗಂಗಿಲ್ಲ."