ಅಣ್ಣನ ಡಾರ್ಕ್‌ರೂಮ್ ಮತ್ತೆ ತೆರೆದದ್ದು

ನಾನು ಶಾಲೆ ಬಿಟ್ಟದ್ದು ೧೯೫೪ರಲ್ಲಿ, ಏಳನೇ ಕ್ಲಾಸಿನ ನಡುವೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಪ್ಪ ಊರ ಕಡೆಯಿಂದ ಕಾಶಿಗೆ ಬರುವ ಯಾತ್ರಿಕರಿಗೆ ಪಿಂಡ ಹಾಕಿಸುವ ಪುರೋಹಿತರು. ಮಂತ್ರ ನನ್ನ ನಾಲಿಗೆಗೆ ಹತ್ತಲಿಲ್ಲ. ಹನುಮಾನ್ ಘಾಟಿನ ಗಲ್ಲಿಯಲ್ಲಿ ನಮ್ಮ ಮನೆಯ ಕೆಳಗೇ ಅಣ್ಣ ಆಗಷ್ಟೇ ಫೋಟೋ ಸ್ಟುಡಿಯೋ ತೆರೆದಿದ್ದ. ಅಲ್ಲಿ ಹೋಗಿ ನಿಂತೆ.

ಕೆಲಸ ತಾನಾಗಿಯೇ ಹಂಚಿಹೋಯಿತು. ಕ್ಯಾಮೆರಾ ನನ್ನದು, ಡಾರ್ಕ್‌ರೂಮ್ ಅಣ್ಣನದು. ಕಾಶಿಯಲ್ಲೇ ಕಣ್ಣುಮುಚ್ಚಬೇಕೆಂದು ಬಂದು ಉಳಿದ ನಮ್ಮ ಕಡೆಯ ಮುದುಕಿಯರು ಒಂದು ಫೋಟೋ ತೆಗೆಸಿ ಊರಿಗೆ ಕಳಿಸುತ್ತಿದ್ದರು. ಸುದ್ದಿ ಮುಟ್ಟಿದ ದಿನ ಹಾರ ಹಾಕಲು ಅಲ್ಲೊಂದು ಮುಖ ಬೇಕಲ್ಲ. ಅವರ ಸೆರಗು ಸರಿಮಾಡಿಸಿ, ನಗಿಸಿ, ಫೋಟೋ ಹೊಡೆಯುವವನು ನಾನು. ಒಳಗೆ ಸೇರಿ ಫಿಲ್ಮ್ ತೊಳೆಯುವವನು ಅಣ್ಣ. "ಬಾರೋ, ಇದನ್ನೂ ಕಲಿತುಕೋ" ಎಂದು ಎಷ್ಟು ಸಲ ಕರೆದನೋ. "ತಟ್ಟೆ ತೊಳೆಯೋ ಕೆಲಸ ನಂಗೆ ಬೇಡ" ಎಂದುಬಿಡುತ್ತಿದ್ದೆ.

೧೯೭೪ರ ಮಳೆಗಾಲ. ಹಿಂದೆ ಕಟ್ಟುವ ಪರದೆ ಹೊಸದು ಬಂದಿತ್ತು. ಬೆಳಕು ಹೇಗೆ ಬೀಳುತ್ತದೆ ನೋಡೋಣವೆಂದು ಅಣ್ಣನನ್ನೇ ಸ್ಟೂಲಿನ ಮೇಲೆ ಕೂರಿಸಿ ಒಂದು ಫೋಟೋ ಹೊಡೆದೆ.

"ಕಣ್ಣು ಮುಚ್ಚಿಬಿಟ್ಟೆ ಕಣೋ, ಇನ್ನೊಂದು ಹೊಡಿ."

"ತೆರೆದರೂ ಅದೇ ಮುಖ ತಾನೆ? ಫಿಲ್ಮ್ ಶೀಟು ದಂಡ," ಎಂದೆ. ಆದರೂ ಇನ್ನೊಂದು ಹೊಡೆದೆ.

ಆ ಎರಡು ಶೀಟನ್ನು, ಬೆಳಿಗ್ಗೆ ತೆಗೆದ ಬೇರೆ ನಾಲ್ಕರ ಜೊತೆ, ಬೆಳಕು ತಾಗದಂತೆ ಕಪ್ಪು ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟ. ನಾಳೆ ತೊಳೆಯುತ್ತೇನೆ ಎಂದ. ನಾಳೆಗೆ ಜ್ವರ ಬಂತು. ಒಂಬತ್ತನೇ ದಿನ ಅವನನ್ನು ಮಣಿಕರ್ಣಿಕೆಗೆ ಹೊತ್ತುಕೊಂಡು ಹೋದೆವು.

ಹೊತ್ತು ಬಂದ ಮೇಲೆ ಅತ್ತಿಗೆ ಕೇಳಿದ್ದು ಒಂದೇ ಮಾತು. "ಅವರದೊಂದು ಫೋಟೋ ಎಲ್ಲಿದೆಯಪ್ಪ?"

ಎಲ್ಲಿಂದ ತರಲಿ? ಅವರ ಮದುವೆ ಊರಲ್ಲಿ ಆಗಿತ್ತು, ಫೋಟೋದವರಿರಲಿಲ್ಲ. ಇಪ್ಪತ್ತು ವರ್ಷ ಕಾಶಿಯ ಮುಖಗಳನ್ನೆಲ್ಲ ತೊಳೆದವನ ಮುಖ ಆ ಎರಡು ಶೀಟಿನಲ್ಲಿ ಮಾತ್ರ ಇತ್ತು. "ಡಬ್ಬಿಯಲ್ಲಿದೆ ಅತ್ತಿಗೆ, ತೊಳೆಸಿಕೊಡ್ತೀನಿ" ಎಂದೆ.

ಮೂರನೇ ದಿನ ಮೇಲಿನ ಗಲ್ಲಿಯ ಸ್ಟುಡಿಯೋದವನು ಮಾತಾಡಿಸಲು ಬಂದ. ನಮ್ಮ ಗಿರಾಕಿಗಳನ್ನು ಸೆಳೆದುಕೊಳ್ಳುತ್ತಾನೆಂದು ನನಗೆ ಅವನ ಮೇಲೆ ಸಿಟ್ಟಿತ್ತು. ಹೊರಡುವಾಗ, "ಭೈಯಾ, ತೊಳೆಯದ ಫಿಲ್ಮ್ ಇದ್ದರೆ ಕೊಡಿ. ಸಂಜೆಯೊಳಗೆ ಮಾಡಿಕೊಡ್ತೇನೆ. ದುಡ್ಡಿನ ಮಾತಿಲ್ಲ," ಎಂದ.

"ನಮ್ಮ ಡಾರ್ಕ್‌ರೂಮ್ ಇನ್ನೂ ಸತ್ತಿಲ್ಲ," ಎಂದೆ. ಅವನು ಕೈಮುಗಿದು ಹೋದ.

ಹದಿಮೂರನೇ ದಿನ ಮನೆಗೂ ಸ್ಟುಡಿಯೋಕ್ಕೂ ಶುದ್ಧಿಯಾಯಿತು. ನಾನು ಮೇಲೆ ಪಂಕ್ತಿಗೆ ಬಡಿಸುತ್ತಿದ್ದೆ. ಮಾರನೆಯ ದಿನ ಡಾರ್ಕ್‌ರೂಮಿಗೆ ಹೋದರೆ ಸೀಸೆಗಳೆಲ್ಲ ಖಾಲಿ. ಸೂತಕದ ನೀರೆಂದು ಚೆಲ್ಲಿದ್ದರು. ಹೋಗಲಿ, ಕೆಮಿಕಲ್ ಮತ್ತೆ ತರಬಹುದು. ಆದರೆ ಯಾವುದಕ್ಕೆ ಎಷ್ಟು ಬೆರೆಸುವುದು? ಅಣ್ಣ ಒಂದಕ್ಷರ ಬರೆದಿಟ್ಟಿರಲಿಲ್ಲ.

ವಾರವಿಡೀ ಅಲೆದೆ. ಕೊನೆಗೆ ಗೋದೌಲಿಯಾ ಪೇಟೆಯಲ್ಲಿ ಕೆಮಿಕಲ್ ಮಾರುವವನು ಹೇಳಿದ: ಗಂಗೆಯ ಆಚೆ ದಡದ ರಾಮನಗರದಲ್ಲಿ ಒಬ್ಬ ಮುದುಕ ಇದ್ದಾನೆ, ನಲವತ್ತು ವರ್ಷ ಡಾರ್ಕ್‌ರೂಮಿನಲ್ಲೇ ಕಳೆದವನು, ಅವನಿಗೆ ಗೊತ್ತಿಲ್ಲದ್ದು ಯಾರಿಗೂ ಗೊತ್ತಿಲ್ಲ. ನದಿ ತುಂಬಿತ್ತು, ದೋಣಿ ಬಿಡುತ್ತಿರಲಿಲ್ಲ. ಸೇತುವೆ ಸುತ್ತಿ ಹೋದೆ.

ಮುದುಕನ ಕಣ್ಣಿಗೆ ಪೊರೆ ಬಂದಿತ್ತು. ಎಲ್ಲ ಕೇಳಿ, "ನನಗೆ ಕಣ್ಣೇ ಕಾಣಿಸಲ್ಲ ಬೇಟಾ," ಎಂದರು.

"ಕತ್ತಲೆಯಲ್ಲಿ ಯಾರಿಗೆ ಕಾಣಿಸುತ್ತೆ ಚಾಚಾ?"

ಕೆಮ್ಮುವವರೆಗೂ ನಕ್ಕರು. ಆಮೇಲೆ ಚುಚ್ಚಿದರು. "ಅಣ್ಣ ಇಪ್ಪತ್ತು ವರ್ಷ ಒಳಗಿದ್ದ, ನೀನು ಹೊರಗಿದ್ದೆ. ಬಾಗಿಲಿಗೆ ಕಿವಿಯಾದರೂ ಇಟ್ಟಿರಲಿಲ್ಲವೇನೋ?" ನನಗೆ ಯಾರೂ ಹಾಗೆ ಮಾತಾಡಿದ್ದಿಲ್ಲ. ಮಾರನೆಯ ದಿನ ರಿಕ್ಷಾ ಮಾಡಿ ಕರೆತಂದೆ.

ಮೊದಲು ಡಾರ್ಕ್‌ರೂಮಿನೊಳಗೆ ಬಾಗಿಲು ಹಾಕಿಕೊಂಡು ಕಾಲುಗಂಟೆ ಸುಮ್ಮನೆ ಕೂತರು. ಮುಖ ಗುರುತಿಸಲಾರದ ಆ ಕಣ್ಣಿಗೆ ಬೆಳಕಿನ ಸೀಳು ಮಾತ್ರ ಕಾಣುತ್ತಿತ್ತು. "ಇಲ್ಲೊಂದು, ಚೌಕಟ್ಟಿನ ಕೆಳಗೊಂದು," ಎಂದು ತೋರಿಸಿದರು. ಮೈದಾ ಅಂಟು ಬೇಯಿಸಿ ಕಪ್ಪು ಬಟ್ಟೆ ಅಂಟಿಸಿದೆ. ನೀರಿನ ಬಿಸಿ ಮೊಣಕೈ ಅದ್ದಿ ನೋಡಿದರು. ಹೊತ್ತಿನ ಲೆಕ್ಕಕ್ಕೆ ಗಡಿಯಾರವಿಲ್ಲ, ಬೀಡಿ. "ಇದಕ್ಕೆ ಎರಡು ಬೀಡಿ ಹೊತ್ತು. ಹಚ್ಚಿದರೆ ಫಿಲ್ಮ್ ಹಾಳು, ಮನಸ್ಸಿನಲ್ಲೇ ಸೇದಬೇಕು!" ನನಗೆ ಬೀಡಿಯ ಅಭ್ಯಾಸವಿಲ್ಲ ಎಂದಾಗ, "ಹಾಗಾದರೆ ನೀನು ಈ ಕೆಲಸಕ್ಕೆ ನಾಲಾಯಕ್ಕು," ಎಂದರು. ಅಣ್ಣ ಹೋದ ಮೇಲೆ ನಾನು ನಕ್ಕದ್ದು ಅಂದೇ ಮೊದಲು.

ನಾಲ್ಕು ದಿನ ಅಂಗಡಿಯಿಂದ ತಂದ ಹೊಸ ಶೀಟುಗಳಲ್ಲಿ ಪರೀಕ್ಷೆ ಮಾಡಿದೆವು. ನಾಲ್ಕನೇ ದಿನ ಗಲ್ಲಿಯ ಹಸುವಿನ ಫೋಟೋ ಕೂದಲು ಕೂದಲಾಗಿ ಎದ್ದು ಬಂತು. "ಈಗ ತೆಗಿ ಅಣ್ಣನನ್ನ," ಎಂದರು ಚಾಚಾ. ಮರುದಿನ ಅಣ್ಣನ ಮೊದಲ ಮಾಸಿಕ. ಅತ್ತಿಗೆ ಗೋಡೆಗೆ ಮೊಳೆ ಹೊಡೆಸಿಟ್ಟಿದ್ದರು.

ಬಾಗಿಲು ಹಾಕಿದೆ. ಕೆಂಪು ದೀಪವೂ ಇಲ್ಲ, ಪೂರಾ ಕತ್ತಲೆ. ಚಾಚಾ ಡಬ್ಬಿ ತೆರೆದು ಕಾಗದ ಬಿಚ್ಚುವ ಸದ್ದು ಕೇಳುತ್ತಿತ್ತು. ಸದ್ದು ನಿಂತಿತು.

"ಬೇಟಾ, ಇದರೊಳಗೆ ಅಕ್ಕಿ ಯಾಕೆ?"

"ಎಂಥ ಅಕ್ಕಿ?"

"ಅಕ್ಕಿ ಅಂದರೆ ಅಕ್ಕಿ. ಕೈ ಕೊಡು."

ಅಂಗೈಯಲ್ಲಿ ಮೂರ್ನಾಲ್ಕು ಕಾಳು ಇಟ್ಟರು. ಮೂಗಿನ ಹತ್ತಿರ ಹಿಡಿದೆ. ಅರಿಶಿನದ ವಾಸನೆ. ಅಕ್ಷತೆ.

ಕೈಗೆ ಬಂದದ್ದನ್ನು ತೊಳೆದು ನೋಡೋಣ ಎಂದರು ಚಾಚಾ. ಎರಡು ಬೀಡಿ ಹೊತ್ತು ಕಾದೆವು. ದೀಪ ಹಾಕಿದರೆ ಆರು ಶೀಟೂ ಸ್ಲೇಟಿನಂತೆ ಕಪ್ಪು. ಬಲ್ಬಿಗೆ ಹಿಡಿದರೂ ಬೆಳಕು ಆಚೆ ಬರಲಿಲ್ಲ. ತೊಳೆಯುವ ಮೊದಲೇ ಬೆಳಕು ಕಂಡ ಫಿಲ್ಮ್ ಹಾಗೇ ಆಗುವುದು.

ಹೊರಗೆ ಬಂದೆ. ಅತ್ತಿಗೆ ಅಂಗಳದಲ್ಲಿ ಬತ್ತಿ ಹೊಸೆಯುತ್ತಿದ್ದರು.

"ಶುದ್ಧಿಯ ದಿನ ಡಾರ್ಕ್‌ರೂಮಿನಲ್ಲಿ ಅಕ್ಷತೆ ಹಾಕಿದ್ದು ಯಾರು ಅತ್ತಿಗೆ?"

"ನಾನೇ. ಒಂದು ಡಬ್ಬಿ ಬಿಡಲಿಲ್ಲ ಕಣಪ್ಪ. ಎಲ್ಲ ಈ ಅಂಗಳಕ್ಕೆ ತಂದು, ಬಿಚ್ಚಿ, ಪ್ರೋಕ್ಷಣೆ ಮಾಡಿಸಿ, ಅಕ್ಷತೆ ಹಾಕಿ, ಮತ್ತೆ ಇದ್ದ ಹಾಗೇ ಮಡಿಚಿಟ್ಟೆ. ಅವರ ಕೈಯಾಡಿದ ಸಾಮಾನು, ಒಂದೂ ಮೈಲಿಗೆ ಉಳೀಬಾರದು ಅಂತ. ಸರಿಯಾಗಿತ್ತು ತಾನೆ?"

"ಸರಿಯಾಗಿತ್ತು."

"ಫೋಟೋ ಬಂತಾ?"

ಇಪ್ಪತ್ತು ವರ್ಷದಲ್ಲಿ ಒಂದು ಶೀಟೂ ನನ್ನ ಕೈಯಿಂದ ಕೆಟ್ಟದ್ದಿಲ್ಲ. ಅದನ್ನು ಇಡೀ ಗಲ್ಲಿಗೆ ಹೇಳಿಕೊಂಡು ತಿರುಗಿದವನು ನಾನು.

"ಇಲ್ಲ ಅತ್ತಿಗೆ. ಆ ದಿನ ನಾನು ಲೆನ್ಸಿನ ಮುಚ್ಚಳ ತೆಗೆಯೋದೇ ಮರೆತಿದ್ದೆ."

ಅವರ ಕೈಯಲ್ಲಿದ್ದ ಬತ್ತಿ ಬಿಚ್ಚಿಹೋಯಿತು. "ಎರಡು ಸಲವೂನಾ?" ಎಂದರು. "ನಿಂಗೆ ಬರೀ ಅವಸರ ಅಂತ ಅವರು ಹೇಳ್ತಾನೇ ಇದ್ದರು." ಎದ್ದು ಒಳಗೆ ಹೋದರು.

ಬಾಗಿಲಲ್ಲಿ ನಿಂತಿದ್ದ ಚಾಚಾಗೆ ನಮ್ಮ ಕನ್ನಡ ತಿಳಿಯಲಿಲ್ಲ. "ಏನು ಹೇಳಿದೆ?"

"ತಪ್ಪು ನನ್ನದು ಅಂದೆ."

ಅದು ಪೂರ್ತಿ ಸುಳ್ಳೂ ಅಲ್ಲ. ಮೂರನೇ ದಿನ ಆ ಡಬ್ಬಿಯನ್ನು ಕೇಳಿದವನ ಕೈಗೆ ಕೊಟ್ಟಿದ್ದರೆ ಅಣ್ಣನ ಮುಖ ಸಂಜೆಗೇ ಮನೆಗೆ ಬರುತ್ತಿತ್ತು.

ಚಾಚಾ ಇನ್ನೂ ಹದಿನೈದು ದಿನ ಬಂದು ಪ್ರಿಂಟು ಮಾಡುವುದನ್ನೂ ಕಲಿಸಿದರು. ಸ್ಟುಡಿಯೋ ನಡೆಯಿತು. ಆ ಮೊಳೆಗೆ ಅತ್ತಿಗೆ ಪಂಚಾಂಗ ತೂಗುಹಾಕಿದರು. ಊರಿಂದ ಯಾರೇ ಬರಲಿ, ಮುಚ್ಚಳ ಮರೆತ ಮೈದುನನ ಕತೆ ಹೇಳಿಯೇ ಹೇಳುತ್ತಿದ್ದರು. ನಾನು ಎದುರಿಗೇ ಕೂತು ಕೇಳುತ್ತಿದ್ದೆ. ಅವರು ತೀರಿಕೊಂಡು ವರ್ಷ ಕಳೆದಿದೆ, ಅದಕ್ಕೇ ಈಗ ಬರೆದೆ.

ಈಗ ನನ್ನ ಹತ್ತಿರ ಇರುವುದು: ಸ್ಟುಡಿಯೋ ಒಂದು, ಅದರ ಹಿಂದೆ ಡಾರ್ಕ್‌ರೂಮ್ ಒಂದು, ಕ್ಯಾಮೆರಾ ಎರಡು, ಎನ್‌ಲಾರ್ಜರ್ ಒಂದು, ತಟ್ಟೆ ಐದು, ಅತ್ತಿಗೆಯ ಫೋಟೋ ನಾಲ್ಕು, ಅಣ್ಣನದು ಒಂದೂ ಇಲ್ಲ, ಕೆಂಪು ಬಲ್ಬು ಮೂರು. ಒಂದು ಉರಿಯುವುದಿಲ್ಲ.