ನಗು ಬೇಡವೆಂದ ನೀಲಮ್ಮ

ಕಾದ ಪೆನ್ನಿನಿಂದ ಮರದ ಹಲಗೆಯನ್ನು ಸುಟ್ಟು ಮುಖ ಬಿಡಿಸುವುದು ನನ್ನ ಕೆಲಸ. ಖಿನ್ನತೆಯಿಂದ ಎದ್ದುಬಂದವರ ಮುಖಗಳನ್ನು ಬಿಡಿಸುತ್ತಿದ್ದ ದಿನಗಳಲ್ಲಿ ಸಿರುಗುಪ್ಪದ ನೀಲಮ್ಮನ ಮನೆಗೆ ಹೋದೆ. ಬಟ್ಟೆ ಹೊಲಿಯುವ ಆಕೆ ಒಂದು ವರ್ಷ ಮಷೀನು ಮುಟ್ಟದೆ ಮಲಗಿಬಿಟ್ಟಿದ್ದಳಂತೆ.

"ಮುಖದಾಗ ಸ್ವಲ್ಪ ನಗು ಇರ್ಲಿರಿ, ಗ್ವಾಡಿಗೆ ಹಾಕಾಕ ಬೇಕು," ಎಂದರು ಆಕೆಯ ಅತ್ತೆ.

"ಬ್ಯಾಡ್ರಿ," ಎಂದಳು ನೀಲಮ್ಮ. "ಆಗ ನಾನು ನಕ್ಕಾಗೆಲ್ಲ, ಈಕಿಗೇನಾಗೇತಿ, ಅರಾಮಾಗೇ ಅದಾಳ ಅಂತಿದ್ರು. ಒಳಗ ಹೆಂಗಿದ್ನೋ ಹಂಗ ತೆಗೀರಿ."

ಸುಟ್ಟ ಗೆರೆಯನ್ನು ಅಳಿಸಲಾಗುವುದಿಲ್ಲ. ಅತ್ತೆ ಒಪ್ಪಲೆಂದು ಕಾದೆ. ಅವರು ಎದ್ದು ಒಳಗೆ ಹೋದರು. ನಾನು ನೀಲಮ್ಮ ಹೇಳಿದಂತೆಯೇ ಮಾಡಿದೆ.

ಸಂಜೆ ಅತ್ತೆ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. "ಇಷ್ಟು ಸಂಕಟ ಇತ್ತೇನವ್ವಾ? ನಾನು ನಿನ್ನ ಮೈಗಳ್ಳಿ ಅಂದಿದ್ದೆ," ಎಂದರು. ನೀಲಮ್ಮ ಅವರ ಪಕ್ಕಕ್ಕೆ ಹೋಗಿ ಕೂತಳು.

ನಾನು ಹೊರಟಾಗ ಅತ್ತೆ ಬಾಗಿಲ ತನಕ ಬಂದು, ತಮ್ಮದೂ ಒಂದು ಚಿತ್ರ ಬೇಕೆಂದರು. "ನಂದು ನಗತಿರಬೇಕ್ರಿ, ಕೂದಲು ಪೂರಾ ಕರ್ರಗಿರಬೇಕು." ಅವರ ಕೂದಲು ಇದ್ದಂತೆ ಬೆಳ್ಳಗೇ ಇರಲಿ, ಅಲ್ಲಿ ಹಲಗೆಯನ್ನು ಸುಡದೆ ಬಿಟ್ಟರೆ ಸಾಕು, ನನ್ನ ಅರ್ಧ ಕೆಲಸ ಕಡಿಮೆಯಾಗುತ್ತದೆ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.